ಪೆಟ್ರೋಲ್ ಬಾಟಲಿಯ ಎರಡು ಪದರಗಳು: ಅಣುಗಳು ಒಂದನ್ನೊಂದು ಸೆಳೆಯುವ ಬಗೆ

ಕಳೆದ ಮಳೆಗಾಲದ ಒಂದು ಬೆಳಗ್ಗೆ ಜಮಖಂಡಿಯ ಗ್ಯಾರೇಜೊಂದರ ಮುಂದೆ ಐದಾರು ಜನ ಸೇರಿದ್ದರು. ರಾತ್ರಿಯಿಡೀ ಅಂಗಳದಲ್ಲಿ ನೆನೆದ ಬೈಕು ಎಷ್ಟು ಕಿಕ್ ಹೊಡೆದರೂ ಚಾಲೂ ಆಗದೆ, ಅದನ್ನು ತಳ್ಳಿಕೊಂಡು ತಂದಿದ್ದರು. ಮೆಕ್ಯಾನಿಕ್ ಟ್ಯಾಂಕಿನ ಕೆಳಗಿನ ಪೈಪ್ ಬಿಚ್ಚಿ ಗಾಜಿನ ಬಾಟಲಿಯೊಂದಕ್ಕೆ ಪೆಟ್ರೋಲ್ ಇಳಿಸಿದ. ಸ್ವಲ್ಪ ಹೊತ್ತಿನಲ್ಲಿ ಬಾಟಲಿಯೊಳಗೆ ಎರಡು ಪದರಗಳು ನಿಂತವು. ನಡುವೆ ಗೆರೆ ಎಳೆದಂತೆ ಸ್ಪಷ್ಟವಾದ ಅಂಚು. "ಪಂಪಿನವರು ನೀರು ಸುರಿದಿದ್ದಾರೆ" ಎಂದು ಬೈಕಿನ ಯಜಮಾನರು ಸಿಟ್ಟಾದರು. "ಕಾಕಾ, ಕೆಳಗಿರುವುದೆಲ್ಲ ನೀರಲ್ಲ. ಮಳೆನೀರು ಒಳಗೆ ಹೋಗಿದೆ, ಅದು ಎಥನಾಲನ್ನು ಎಳೆದುಕೊಂಡು ಕೆಳಗೆ ಕೂತಿದೆ" ಎಂದ ಮೆಕ್ಯಾನಿಕ್.

ಅವನು ಹೇಳಿದ್ದು ಸರಿಯಾಗಿತ್ತು. ಆದರೆ ಯಜಮಾನರು ಕೇಳಿದ ಮರುಪ್ರಶ್ನೆಯೂ ಸರಿಯಾಗಿಯೇ ಇತ್ತು: ಅಷ್ಟು ದಿನ ಪೆಟ್ರೋಲಿನೊಳಗೆ ಒಂದಾಗಿದ್ದ ಎಥನಾಲ್ ಎಂಬ ಮದ್ಯಸಾರ, ಎರಡು ಹನಿ ನೀರು ಬಂದ ಕೂಡಲೇ ಪಕ್ಷ ಬದಲಿಸಿದ್ದೇಕೆ?

ಈ ಪ್ರಶ್ನೆ ಈಗ ಎಲ್ಲರ ಮನೆಯ ಪ್ರಶ್ನೆ. ಪೆಟ್ರೋಲಿಗೆ ಶೇ 10ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2022ರಲ್ಲಿ ಮುಟ್ಟಿತು. ಶೇ 20ರಷ್ಟು ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಆ ಎಥನಾಲಿನಲ್ಲಿ ಒಂದು ಪಾಲು ಹುಟ್ಟುವುದು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಬ್ಬಿನಿಂದಲೇ. ಕಬ್ಬು ಬೆಳೆಯುವವರು, ಅರೆಯುವವರು, ಬೈಕಿಗೆ ಹಾಕಿಸುವವರು ಎಲ್ಲರೂ ಇಲ್ಲೇ ಇರುವಾಗ, ಆ ಬಾಟಲಿಯಲ್ಲಿ ನಡೆದದ್ದೇನು ಎಂದು ಬುಡದಿಂದ ನೋಡುವುದು ಒಳ್ಳೆಯದು.

ಹೊರೆ ಬಿಚ್ಚಿದರೆ ಕಬ್ಬು ಮುರಿಯುವುದಿಲ್ಲ

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಪಿಯುಸಿ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಪ್ರತಿ ವರ್ಷವೂ ನನಗೆ ಎದುರಾಗುವ ಗೊಂದಲ ಇದು: "ನೀರು ಕುದಿದಾಗ ಹೈಡ್ರೋಜನ್ ಮತ್ತು ಆಕ್ಸಿಜನ್ ಬೇರೆಯಾಗುತ್ತವೆ" ಎಂದು ಬರೆದಿರುತ್ತಾರೆ. ಹಾಗೇನಾದರೂ ಆಗಿದ್ದರೆ ಚಹಾಕ್ಕೆ ಇಟ್ಟ ಪಾತ್ರೆಯಿಂದ ಏಳುವ ಅನಿಲಕ್ಕೆ ಒಲೆಯ ಬೆಂಕಿಯೇ ಸಾಕು, ಅಡುಗೆಮನೆ ಉಳಿಯುತ್ತಿರಲಿಲ್ಲ.

ವಸ್ತುವಿನ ಗುಣವನ್ನು ಉಳಿಸಿಕೊಂಡ ಅತಿ ಚಿಕ್ಕ ಕಣಕ್ಕೆ ಅಣು ಎನ್ನುತ್ತೇವೆ. ಅಣು ಸ್ವತಃ ಪರಮಾಣುಗಳಿಂದ ಆದದ್ದು. ನೀರಿನ ಅಣುವಿನಲ್ಲಿ ಒಂದು ಆಕ್ಸಿಜನ್ ಪರಮಾಣು, ಎರಡು ಹೈಡ್ರೋಜನ್ ಪರಮಾಣುಗಳಿವೆ. ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಅವು ಕೂಡಿರುತ್ತವೆ. ಇದು ಸಹವೇಲೆನ್ಸಿ ಬಂಧ, ಅಣುವಿನ ಒಳಗಿನ ನಂಟು. ಒಂದು ಅಣುವಿಗೂ ಅದರ ಪಕ್ಕದ ಅಣುವಿಗೂ ನಡುವೆ ಇರುವ ಸೆಳೆತ ಬೇರೆಯದು. ಪುಸ್ತಕಗಳು ಅದನ್ನು ಅಂತರಾಣು ಆಕರ್ಷಣ ಬಲ ಎನ್ನುತ್ತವೆ. ಹೆಸರು ಉದ್ದವಾದರೂ ಸಂಗತಿ ಸರಳ.

ಕಟಾವಿನ ಗದ್ದೆಯನ್ನು ನೆನೆಯಿರಿ. ಕಬ್ಬನ್ನು ಕಡಿದು, ಸೋಗೆಯಿಂದ ಹೊರೆ ಕಟ್ಟಿ ಟ್ರಾಕ್ಟರಿಗೆ ಹೇರುತ್ತಾರೆ. ಹೊರೆಯ ಕಟ್ಟು ಬಿಚ್ಚಿದರೆ ಕಬ್ಬುಗಳು ಚದುರುತ್ತವೆ, ಒಂದು ಕಬ್ಬೂ ಮುರಿಯುವುದಿಲ್ಲ. ಕಬ್ಬನ್ನೇ ಜಜ್ಜಲು ಕಾರ್ಖಾನೆಯ ಗಾಣ ಬೇಕು. ಒಂದೊಂದು ಕಬ್ಬನ್ನು ಒಂದೊಂದು ಅಣು ಎಂದುಕೊಂಡರೆ, ನೀರನ್ನು ಕುದಿಸುವುದು ಹೊರೆ ಬಿಚ್ಚುವ ಕೆಲಸ. ಹಬೆಯಾಗಿ ಹೋಗುವುದೂ ಇಡೀ ನೀರಿನ ಅಣುವೇ. ಎರಡು ಕೆಲಸಗಳ ನಡುವಿನ ಅಂತರ ಎಷ್ಟೆಂದರೆ, ನೀರಿನ ಅಣುವಿನ ಒಳಗಿನ ಒಂದು ಮೋಲ್ (ಅಣು, ಬಂಧಗಳನ್ನು ಎಣಿಸುವ ದೊಡ್ಡ ಅಳತೆ) ಬಂಧಗಳನ್ನು ಕಡಿಯಲು ಸುಮಾರು 460 ಕಿಲೋಜೂಲ್ ಶಕ್ತಿ ಬೇಕು. ಅಣು ಅಣುಗಳ ನಡುವಿನ ಅಷ್ಟೇ ಹಿಡಿತಗಳನ್ನು ಬಿಡಿಸಲು 20 ಕಿಲೋಜೂಲಿನ ಆಸುಪಾಸು ಸಾಕು.

ಈ ಸಣ್ಣ ಹಿಡಿತವೇ ವಸ್ತುವಿನ ಸ್ಥಿತಿಯನ್ನು ನಿರ್ಧರಿಸುತ್ತದೆ. ಶಾಖ ಎಂದರೆ ಅಣುಗಳ ಚಡಪಡಿಕೆ. ಚಡಪಡಿಕೆ ಕಡಿಮೆ ಇದ್ದು ಸೆಳೆತ ಗೆದ್ದರೆ ಘನ, ಎರಡೂ ಸರಿಸಮಾನವಾಗಿ ಜಗ್ಗಾಡುತ್ತಿದ್ದರೆ ದ್ರವ, ಚಡಪಡಿಕೆಯೇ ಗೆದ್ದರೆ ಅನಿಲ. ಅನಿಲದ ಅಣುಗಳ ನಡುವೆಯೂ ಸೆಳೆತ ಇದೆ ಎಂಬುದನ್ನು ಲೆಕ್ಕಕ್ಕೆ ತಂದವರು ನೆದರ್ಲೆಂಡ್ಸಿನ ಯೋಹಾನೆಸ್ ವಾನ್ ಡರ್ ವಾಲ್ಸ್. ಶಾಲಾ ಮಾಸ್ತರರಾಗಿ ಕೆಲಸ ಆರಂಭಿಸಿದ ಅವರು 1873ರಲ್ಲಿ ಬರೆದ ಪ್ರಬಂಧದಲ್ಲಿ ಈ ವಿಚಾರವಿತ್ತು. 1910ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂದಿತು.

ಕೌದಿಯನ್ನು ಎಳೆದುಕೊಳ್ಳುವ ಆಕ್ಸಿಜನ್

ಸೆಳೆತ ಬರುವುದು ಎಲ್ಲಿಂದ? ಚಳಿಯ ರಾತ್ರಿ ಒಂದೇ ಕೌದಿಯಲ್ಲಿ ಇಬ್ಬರು ಅಣ್ಣ ತಮ್ಮಂದಿರು ಮಲಗಿದ್ದಾರೆ ಎನ್ನಿ. ಅಣ್ಣ ಬಲವಾದವನು, ನಿದ್ದೆಯಲ್ಲೇ ಕೌದಿಯನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ತಮ್ಮನ ಮೇಲೆ ಒಂದು ತುದಿ ಇದೆ, ಆದರೆ ಮೈ ಅರ್ಧ ಬಯಲು. ನೀರಿನ ಅಣುವಿನಲ್ಲಿ ಎಲೆಕ್ಟ್ರಾನುಗಳೇ ಆ ಕೌದಿ, ಆಕ್ಸಿಜನ್ ಅಣ್ಣ, ಹೈಡ್ರೋಜನ್ ತಮ್ಮ. ಎಲೆಕ್ಟ್ರಾನಿನದು ಋಣ ವಿದ್ಯುದಾವೇಶ. ಅದು ಆಕ್ಸಿಜನ್ ಕಡೆಗೆ ಹೆಚ್ಚು ಸರಿದಿರುವುದರಿಂದ ಆ ಬದಿಗೆ ಸ್ವಲ್ಪ ಋಣ ಆವೇಶ, ಹೈಡ್ರೋಜನ್ ಬದಿಗೆ ಸ್ವಲ್ಪ ಧನ ಆವೇಶ ಬರುತ್ತದೆ. ಅಣು ನೆಟ್ಟಗಿದ್ದರೆ ಎರಡು ಕಡೆಯ ಎಳೆತಗಳು ಪರಸ್ಪರ ವಜಾ ಆಗುತ್ತಿದ್ದವು. ಆದರೆ ನೀರಿನ ಅಣು 104.5 ಡಿಗ್ರಿ ಕೋನದಲ್ಲಿ ಬಾಗಿದೆ, ಎತ್ತಿನ ಕೊಂಬಿನಂತೆ. ಹೀಗಾಗಿ ಅದಕ್ಕೆ ಧನ ತುದಿ, ಋಣ ತುದಿ ಎರಡೂ ಉಳಿಯುತ್ತವೆ. ಇಂಥ ಅಣುವಿಗೆ ಧ್ರುವೀಯ ಅಣು ಎಂದು ಹೆಸರು.

ಒಂದರ ಧನ ತುದಿ ಪಕ್ಕದ್ದರ ಋಣ ತುದಿಯನ್ನು ಸೆಳೆಯುತ್ತದೆ. ಧ್ರುವೀಯ ಅಣುಗಳಲ್ಲೆಲ್ಲ ಇದು ಇದ್ದದ್ದೇ. ಆದರೆ ಹೈಡ್ರೋಜನ್ ನೇರವಾಗಿ ಆಕ್ಸಿಜನ್, ನೈಟ್ರೋಜನ್ ಅಥವಾ ಫ್ಲೋರಿನ್‌ಗೆ ಅಂಟಿಕೊಂಡಿದ್ದರೆ ಸೆಳೆತ ಎಲ್ಲಿಲ್ಲದಷ್ಟು ಬಿಗಿಯಾಗುತ್ತದೆ. ಹೈಡ್ರೋಜನ್‌ಗೆ ಇರುವುದೇ ಒಂದು ಎಲೆಕ್ಟ್ರಾನ್. ಅದೂ ಅತ್ತ ಸರಿದ ಮೇಲೆ ಬಹುತೇಕ ಬರಿಮೈ. ಪಕ್ಕದ ಅಣುವಿನ ಆಕ್ಸಿಜನ್ ಬಳಿಗೆ ಅದು ಬಹಳ ಹತ್ತಿರ ಹೋಗಬಲ್ಲದು. ಇದೇ ಹೈಡ್ರೋಜನ್ ಬಂಧ. ಹೆಸರಿನಲ್ಲಿ ಬಂಧ ಇದ್ದರೂ ಇದು ಹೊರೆಯ ಕಟ್ಟೇ ಹೊರತು ಕಬ್ಬಿನ ಗಟ್ಟಿತನವಲ್ಲ.

ಇದರ ತಾಕತ್ತು ತಿಳಿಯಲು ನೀರನ್ನೂ ಅದರ ದಾಯಾದಿ ಹೈಡ್ರೋಜನ್ ಸಲ್ಫೈಡನ್ನೂ ಪಕ್ಕಪಕ್ಕದಲ್ಲಿ ಇಡಬೇಕು. ಕೊಳೆತ ಮೊಟ್ಟೆಯ ವಾಸನೆ ಬರುವುದು ಈ ಅನಿಲದಿಂದಲೇ. ಅದರ ಅಣು ನೀರಿನ ಅಣುವಿಗಿಂತ ಹೆಚ್ಚು ಕಡಿಮೆ ಎರಡರಷ್ಟು ಭಾರ. ಭಾರವಾದದ್ದು ನಿಧಾನವಾಗಿ ಕುದಿಯಬೇಕಲ್ಲವೇ? ಅದು ಮೈನಸ್ 60 ಡಿಗ್ರಿಯಲ್ಲೇ ಕುದಿದು ಹೋಗುತ್ತದೆ. ನೀರು 100 ಡಿಗ್ರಿಯವರೆಗೆ ಕಾಯುತ್ತದೆ. ಹೈಡ್ರೋಜನ್ ಬಂಧ ಇಲ್ಲದಿದ್ದರೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಯಾವುದೂ ಹೊಳೆಯಾಗಿ ಹರಿಯುತ್ತಿರಲಿಲ್ಲ. ನೀರೆಲ್ಲ ಗಾಳಿಯಲ್ಲೇ ಇರುತ್ತಿತ್ತು.

ವಿಜಯಪುರದ ಬೇಸಿಗೆಯಲ್ಲಿ ಮಣ್ಣಿನ ಕೊಡದ ನೀರು ತಂಪಾಗುವುದೂ ಈ ಹಿಡಿತದಿಂದಲೇ. ಕೊಡದ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆರುತ್ತದೆ. ಆರುವ ಒಂದೊಂದು ಅಣುವೂ ತನ್ನ ನೆರೆಯವರ ಕೈ ಬಿಡಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಶಕ್ತಿಯನ್ನು ಒಳಗಿನ ನೀರಿನಿಂದಲೇ ಕಸಿಯುತ್ತದೆ. ಒಂದು ಗ್ರಾಂ ನೀರು ಆರಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಹತ್ತು ಲೀಟರ್ ಕೊಡದಿಂದ 200 ಗ್ರಾಂ ನೀರು ಆರಿದರೆ, ಲೆಕ್ಕದ ಪ್ರಕಾರ ಉಳಿದ ನೀರು ಹನ್ನೊಂದು ಡಿಗ್ರಿಗೂ ಹೆಚ್ಚು ತಣ್ಣಗಾಗಬೇಕು. ಹೊರಗಿನ ಬಿಸಿ ಒಳಗೆ ಬರುತ್ತಲೇ ಇರುವುದರಿಂದ ಅಷ್ಟು ಇಳಿಯದು. ಮಳೆಗಾಲದಲ್ಲಿ ಗಾಳಿಯೇ ತೇವವಾಗಿದ್ದು ನೀರು ಆರುವುದಿಲ್ಲ, ಕೊಡದ ಗುಣವೂ ಆಗ ಕಾಣುವುದಿಲ್ಲ.

ತುದಿಗಳೇ ಇಲ್ಲದವರ ಸೆಳೆತ

ಪೆಟ್ರೋಲಿನ ಅಣುಗಳು ಕಾರ್ಬನ್ ಮತ್ತು ಹೈಡ್ರೋಜನ್ ಪರಮಾಣುಗಳಿಂದ ಆದವು. ಇವೆರಡೂ ಕೌದಿಯನ್ನು ಹೆಚ್ಚು ಕಡಿಮೆ ಸಮನಾಗಿ ಹಂಚಿಕೊಳ್ಳುತ್ತವೆ. ಧನ ತುದಿ, ಋಣ ತುದಿ ಎಂದು ಹೇಳುವಂಥದ್ದು ಇಲ್ಲ. ಹಾಗಾದರೆ ಪೆಟ್ರೋಲ್ ಅನಿಲವಾಗಿ ಹಾರಿಹೋಗದೆ ದ್ರವವಾಗಿ ನಿಂತಿರುವುದು ಹೇಗೆ?

ಕುಸ್ತಿಯ ಕಣವೊಂದರ ಸುತ್ತ ಜನ ಒತ್ತಾಗಿ ನಿಂತಿದ್ದಾರೆ. ಪೈಲ್ವಾನ ಎಡಕ್ಕೆ ಹೊರಳಿದಾಗ ಮುಂದಿನವನು ಎಡಕ್ಕೆ ಬಾಗುತ್ತಾನೆ. ಅವನು ಬಾಗಿದ್ದರಿಂದ ಹಿಂದಿನವನು, ಅವನಿಂದ ಪಕ್ಕದವನು. ಮರುಕ್ಷಣ ಎಲ್ಲರೂ ಬಲಕ್ಕೆ. ಯಾರೂ ಶಾಶ್ವತವಾಗಿ ಎಡಕ್ಕೆ ವಾಲಿದವರಲ್ಲ. ಎಲೆಕ್ಟ್ರಾನುಗಳೂ ಒಂದೆಡೆ ನಿಲ್ಲುವುದಿಲ್ಲ. ಯಾವುದೋ ಕ್ಷಣದಲ್ಲಿ ಅಣುವಿನ ಒಂದು ಬದಿಗೆ ಅವು ತುಸು ಹೆಚ್ಚು ಸೇರುತ್ತವೆ, ಆ ಕ್ಷಣಕ್ಕೆ ಅಣುವಿಗೆ ಎರಡು ತುದಿಗಳು ಹುಟ್ಟುತ್ತವೆ. ಆ ತುದಿ ಪಕ್ಕದ ಅಣುವಿನ ಎಲೆಕ್ಟ್ರಾನುಗಳನ್ನೂ ವಾಲಿಸುತ್ತದೆ. ಹುಟ್ಟಿ ಅಳಿಯುವ ಈ ವಾಲಾಟದಿಂದಲೇ ಒಂದು ಸೆಳೆತ ಉಂಟಾಗುತ್ತದೆ ಎಂದು 1930ರಲ್ಲಿ ಲೆಕ್ಕಹಾಕಿ ತೋರಿಸಿದವರು ಫ್ರಿಟ್ಜ್ ಲಂಡನ್. ಅವರ ಹೆಸರಿನಿಂದ ಇದು ಲಂಡನ್ ಬಲ. ಇಂಗ್ಲೆಂಡಿನ ರಾಜಧಾನಿಗೂ ಇದಕ್ಕೂ ಸಂಬಂಧವಿಲ್ಲ, ತರಗತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ.

ಒಂದೊಂದಾಗಿ ನೋಡಿದರೆ ಇದು ದುರ್ಬಲ. ಆದರೆ ಅಣು ದೊಡ್ಡದಾದಷ್ಟೂ, ಉದ್ದವಾದಷ್ಟೂ ಅದು ಕೂಡುತ್ತ ಹೋಗುತ್ತದೆ. ಒಂದು ಕಾರ್ಬನ್ ಇರುವ ಮೀಥೇನ್, ಅಂದರೆ ಗೋಬರ್ ಗ್ಯಾಸಿನ ಮುಖ್ಯ ಭಾಗ, ಮೈನಸ್ 161 ಡಿಗ್ರಿಯಲ್ಲಿ ಕುದಿಯುತ್ತದೆ. ಮೂರು ಕಾರ್ಬನ್ನಿನ ಪ್ರೊಪೇನ್ ಮೈನಸ್ 42ರಲ್ಲಿ, ನಾಲ್ಕು ಕಾರ್ಬನ್ನಿನ ಬ್ಯೂಟೇನ್ ಮೈನಸ್ ಅರ್ಧ ಡಿಗ್ರಿಯಲ್ಲಿ. ಈ ಎರಡನ್ನು ಒತ್ತಡದಲ್ಲಿ ದ್ರವವಾಗಿಸಿ ಅಡುಗೆ ಸಿಲಿಂಡರಿಗೆ ತುಂಬುತ್ತಾರೆ. ಎಂಟು ಕಾರ್ಬನ್ನಿನ ಆಕ್ಟೇನ್ ಕುದಿಯಲು 126 ಡಿಗ್ರಿ ಬೇಕು. ಇಪ್ಪತ್ತು ದಾಟಿದರೆ ಮೇಣ. ಗ್ಯಾಸು, ಪೆಟ್ರೋಲು, ಡೀಸೆಲು, ಮೇಣದ ಬತ್ತಿ ಎಲ್ಲ ಒಂದೇ ವಂಶದವು, ಉದ್ದವಷ್ಟೇ ಬೇರೆ.

ಗೋಡೆಯ ಹಲ್ಲಿಯೂ ಇದೇ ಬಲದ ಗಿರಾಕಿ. ಅದರ ಪಾದದಲ್ಲಿ ಲಕ್ಷಗಟ್ಟಲೆ ಅತಿ ಸಣ್ಣ ರೋಮಗಳಿದ್ದು, ತುದಿಗಳು ಗೋಡೆಯ ಅಣುಗಳಿಗೆ ತೀರ ಹತ್ತಿರ ಹೋಗುತ್ತವೆ. ಅಂಟು ದ್ರವ ಏನೂ ಇಲ್ಲ, ಹಿಡಿದಿರುವುದು ವಾನ್ ಡರ್ ವಾಲ್ಸ್ ಬಲ (ಲಂಡನ್ ಬಲ ಇದರದೇ ಒಂದು ಬಗೆ) ಎಂದು 2002ರಲ್ಲಿ ಸಂಶೋಧಕರು ತೋರಿಸಿದರು.

ಯಾರಿಗೆ ಯಾರ ಸಹವಾಸ

ಎಣ್ಣೆ ನೀರನ್ನು ಕಂಡರೆ ದೂರ ಸರಿಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಅಲ್ಲಿ ಯಾರೂ ಯಾರನ್ನೂ ದೂಡುವುದಿಲ್ಲ. ಎಣ್ಣೆಯ ಅಣುವಿಗೂ ನೀರಿನ ಅಣುವಿಗೂ ಚೂರು ಸೆಳೆತ ಇದ್ದೇ ಇದೆ. ಆದರೆ ನೀರಿನ ಅಣುಗಳು ತಮ್ಮತಮ್ಮಲ್ಲಿ ಕೈ ಹಿಡಿದಿರುವ ಬಿಗಿತದ ಮುಂದೆ ಅದು ಏನೂ ಅಲ್ಲ. ಎಣ್ಣೆಗೆ ಜಾಗ ಕೊಡಬೇಕೆಂದರೆ ನೀರು ತನ್ನ ಹೈಡ್ರೋಜನ್ ಬಂಧಗಳ ಜಾಲವನ್ನು ಕೆಡಿಸಿಕೊಳ್ಳಬೇಕು, ಬದಲಿಗೆ ಸಿಗುವುದು ಅಲ್ಪ. ಸಕ್ಕರೆಯ ವಿಷಯ ಬೇರೆ. ಅದರ ಒಂದೊಂದು ಅಣುವಿನಲ್ಲಿ ಆಕ್ಸಿಜನ್ ಮತ್ತು ಹೈಡ್ರೋಜನ್ ಕೂಡಿದ ಎಂಟು ಗುಂಪುಗಳಿವೆ, ನೀರಿಗೆ ಹಿಡಿಯಲು ಎಂಟು ಕೈಗಳು. ನೂರು ಗ್ರಾಂ ನೀರಿನಲ್ಲಿ ಇನ್ನೂರು ಗ್ರಾಂ ಸಕ್ಕರೆ ಕರಗುವುದು ಇದರಿಂದ.

ಜೋಳದ ರೊಟ್ಟಿಗೆ ಕುದಿಯುವ ನೀರೇ ಏಕೆ ಬೇಕು ಎಂಬುದಕ್ಕೂ ಉತ್ತರ ಇಲ್ಲಿದೆ. ಗೋಧಿಯಲ್ಲಿರುವ ಜಿಗುಟಾದ ಗ್ಲುಟೆನ್ ಜೋಳದಲ್ಲಿ ಇಲ್ಲ. ತಣ್ಣೀರಿನಲ್ಲಿ ನಾದಿದ ಹಿಟ್ಟು ಬಡಿಯುವಾಗ ಬಿರಿಯುತ್ತದೆ. ಜೋಳದ ಪಿಷ್ಟದ ಉದ್ದ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ತಮ್ಮೊಳಗೇ ಬಿಗಿದುಕೊಂಡಿರುತ್ತವೆ, ತಣ್ಣೀರಿಗೆ ಒಳಗೆ ದಾರಿ ಬಿಡುವುದಿಲ್ಲ. ಎಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಆ ಹಿಡಿತ ಸಡಿಲುತ್ತದೆ. ನೀರು ನುಗ್ಗಿ ಸರಪಳಿಗಳ ಕೈ ಹಿಡಿಯುತ್ತದೆ, ಪಿಷ್ಟ ಉಬ್ಬಿ ಅಂಟಾಗುತ್ತದೆ. ಎಸರು ಕುದಿಯದೆ ಹಿಟ್ಟು ಹಾಕಬಾರದು ಎಂದು ಅವ್ವ ಗದರುತ್ತಿದ್ದುದರ ಹಿಂದಿನ ರಸಾಯನಶಾಸ್ತ್ರ ಇಷ್ಟೇ.

ವಿಜಯಪುರ ಜಿಲ್ಲೆಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಇದೇ ಪಾಠ ಇನ್ನೊಂದು ಬಗೆಯಲ್ಲಿ ನಡೆಯುತ್ತದೆ. ನಾನು ಕಂಡ ಉದಾಹರಣೆಗಳಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಹಸಿ ದ್ರಾಕ್ಷಿಯ ಮೇಲೆ ಬೂದಿ ಸವರಿದಂಥ ತೆಳು ಪೊರೆ ಇರುತ್ತದೆ, ಅದು ಮೇಣ. ಉದ್ದನೆಯ ಕಾರ್ಬನ್ ಸರಪಳಿಗಳ ಪಕ್ಕೆಗಳು ಲಂಡನ್ ಬಲದಿಂದ ಒತ್ತಾಗಿ ಕೂತಿರುತ್ತವೆ. ಹಣ್ಣಿನೊಳಗಿನ ನೀರಿಗೆ ಆ ಮೇಣದ ಸಹವಾಸ ಆಗದು, ಹೊರಬರಲು ದಾರಿ ಸಿಗದು. ಹಾಗೆಯೇ ನೆರಳಿಗೆ ಹಾಕಿದರೆ ಹಣ್ಣು ಒಣಗುವುದು ಬಹಳ ನಿಧಾನ, ಕೊಳೆಯುವ ಭಯವೂ ಇದೆ.

ರೈತರು ಗೊಂಚಲುಗಳನ್ನು ಮೊದಲು ಒಂದು ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ನೀರಿಗೆ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ದ್ರಾವಣ ಅದು. ಡಿಪ್ಪಿಂಗ್ ಆಯಿಲಿನ ಮುಖ್ಯ ವಸ್ತು ಈಥೈಲ್ ಓಲಿಯೇಟ್. ಅದರ ಅಣುವಿಗೆ ಎಣ್ಣೆಯಂಥ ಉದ್ದ ಬಾಲ ಇದೆ, ನಡುವೆ ಒಂದೆಡೆ ಆಕ್ಸಿಜನ್ ಇರುವ ಧ್ರುವೀಯ ತುಣುಕೂ ಇದೆ. ಬಾಲ ಮೇಣದ ಬಣಕ್ಕೆ ಸೇರಿದ್ದು, ಆದ್ದರಿಂದ ಅದು ಮೇಣದ ಪದರಗಳ ನಡುವೆ ಸುಲಭವಾಗಿ ನುಸುಳುತ್ತದೆ. ಒತ್ತಾಗಿದ್ದ ಮೇಣದ ಜೋಡಣೆ ಸಡಿಲುತ್ತದೆ. ಆ ಸಂದುಗಳಿಂದ ನೀರು ಹೊರಗೆ ಬರುತ್ತದೆ. ಹಣ್ಣಿನ ಸಿಪ್ಪೆ ಹರಿಯುವುದಿಲ್ಲ, ಸುಡುವುದಿಲ್ಲ, ಒಣಗುವ ದಿನಗಳು ಮಾತ್ರ ಗಣನೀಯವಾಗಿ ಇಳಿಯುತ್ತವೆ. ಒಂದು ಬಣದ ಗೋಡೆ ದಾಟಲು ಅದೇ ಬಣದ ಪರಿಚಯದವರನ್ನು ಹಿಡಿದಂತೆ.

ಎರಡು ಮನೆಯ ಅಳಿಯ

ಈಗ ಎಥನಾಲಿಗೆ ಬರೋಣ. ಅದರ ಅಣುವಿನ ಒಂದು ತುದಿಯಲ್ಲಿ ಎರಡು ಕಾರ್ಬನ್ನಿನ ಗಿಡ್ಡ ಬಾಲ, ಇನ್ನೊಂದು ತುದಿಯಲ್ಲಿ ಆಕ್ಸಿಜನ್ ಮತ್ತು ಹೈಡ್ರೋಜನ್ ಕೂಡಿದ ತಲೆ. ಬಾಲ ಪೆಟ್ರೋಲಿನ ಕಡೆಯವರದ್ದು, ತಲೆ ನೀರಿನ ಕಡೆಯವರದ್ದು. ತಲೆಯ ಮಹಿಮೆ ಎಷ್ಟೆಂಬುದಕ್ಕೆ ಒಂದು ಪುರಾವೆ: ಎಥನಾಲಿನಲ್ಲಿರುವಷ್ಟೇ ಕಾರ್ಬನ್, ಅಷ್ಟೇ ಹೈಡ್ರೋಜನ್, ಅಷ್ಟೇ ಆಕ್ಸಿಜನ್ ಇರುವ ಡೈಮೀಥೈಲ್ ಈಥರ್ ಎಂಬ ಇನ್ನೊಂದು ವಸ್ತು ಇದೆ. ಜೋಡಣೆ ಮಾತ್ರ ಬೇರೆ, ಅದರಲ್ಲಿ ಹೈಡ್ರೋಜನ್ ಆಕ್ಸಿಜನ್ನಿಗೆ ಅಂಟಿಲ್ಲ. ಅದು ಮೈನಸ್ 24 ಡಿಗ್ರಿಯಲ್ಲಿ ಕುದಿಯುತ್ತದೆ, ಎಥನಾಲ್ 78ರಲ್ಲಿ.

ಎಥನಾಲ್ ನೀರಿನೊಂದಿಗೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ. 50 ಮಿಲಿಲೀಟರ್ ಎಥನಾಲಿಗೆ 50 ಮಿಲಿಲೀಟರ್ ನೀರು ಸೇರಿಸಿದರೆ ನೂರು ಆಗುವುದಿಲ್ಲ, 97ರ ಸುತ್ತಮುತ್ತ ನಿಲ್ಲುತ್ತದೆ. ಅಣುಗಳು ಅಷ್ಟು ಒತ್ತಾಗಿ ಕೂಡಿಕೊಳ್ಳುತ್ತವೆ.

ಈ ಗೆಳೆತನ ಕಾರ್ಖಾನೆಯವರಿಗೆ ತಲೆನೋವು. ಕಾಕಂಬಿಯನ್ನೋ ಕಬ್ಬಿನ ರಸವನ್ನೋ ಹುದುಗಿಸಿ, ಬಟ್ಟಿ ಇಳಿಸುತ್ತ ಹೋದರೆ ಎಥನಾಲಿನ ಪ್ರಮಾಣ ಏರುತ್ತದೆ. ಆದರೆ ತೂಕದಲ್ಲಿ ಶೇ 95.6ಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಎಷ್ಟು ಬಟ್ಟಿ ಇಳಿಸಿದರೂ ಹಬೆಯಲ್ಲೂ ದ್ರವದಲ್ಲೂ ಅದೇ ಪ್ರಮಾಣ. ಪೆಟ್ರೋಲಿಗೆ ಬೆರೆಸಲು ಶೇ 99.5 ದಾಟಿದ ಎಥನಾಲ್ ಬೇಕು. ಉಳಿದ ನೀರನ್ನು ತೆಗೆಯಲು ಜಿಯೊಲೈಟ್ ಎಂಬ ಖನಿಜದ ಗುಂಡುಗಳನ್ನು ಬಳಸುತ್ತಾರೆ. ಅದರೊಳಗಿನ ರಂಧ್ರಗಳ ಅಗಲ 0.3 ನ್ಯಾನೊಮೀಟರ್: ನೀರಿನ ಅಣು ತೂರಬಲ್ಲದು, ಎಥನಾಲ್ ತೂರಲಾರದು. ಒಳಗೆ ಹೋದ ನೀರನ್ನು ರಂಧ್ರದ ಗೋಡೆಯ ಆವೇಶಗಳು ಹಿಡಿದಿಟ್ಟುಕೊಳ್ಳುತ್ತವೆ.

ಇಷ್ಟು ಕಷ್ಟಪಟ್ಟು ನೀರನ್ನು ಹೊರಹಾಕಿದ ಮೇಲೆ ಟ್ಯಾಂಕಿನಲ್ಲಿ ಅದೇ ನೀರು ಮತ್ತೆ ಕಾಣಿಸಿಕೊಂಡರೆ?

ಮತ್ತೆ ಬಾಟಲಿಗೆ

ಇ20 ಪೆಟ್ರೋಲಿಗೆ ಲೀಟರಿಗೆ ಕೆಲವೇ ಮಿಲಿಲೀಟರ್ ನೀರು ಸೇರಿದರೆ ಏನೂ ಕಾಣುವುದಿಲ್ಲ. ಎಥನಾಲಿನ ತಲೆಗಳು ಆ ನೀರನ್ನು ಹಿಡಿದುಕೊಳ್ಳುತ್ತವೆ, ಬಾಲಗಳು ಪೆಟ್ರೋಲಿನಲ್ಲಿ ಇರುತ್ತವೆ. ಹಳೆಯ ಶುದ್ಧ ಪೆಟ್ರೋಲಿನಲ್ಲಿ ಅಷ್ಟು ನೀರು ಸೇರಿದ್ದರೆ ಬಹುತೇಕ ಎಲ್ಲವೂ ನೇರವಾಗಿ ತಳಕ್ಕೆ ಇಳಿಯುತ್ತಿತ್ತು. ಆದರೆ ನೀರು ಮಿತಿ ದಾಟಿದಾಗ ಲೆಕ್ಕ ತಿರುಗುತ್ತದೆ. ನೀರಿನ ಅಣುಗಳು ಸಾಕಷ್ಟು ಕೂಡಿಕೊಂಡು ತಮ್ಮದೇ ಜಾಲ ಕಟ್ಟುತ್ತವೆ, ಎಥನಾಲಿನ ತಲೆಗಳಿಗೆ ಅಲ್ಲಿ ಸಿಗುವ ಹಿಡಿತ ಪೆಟ್ರೋಲಿನಲ್ಲಿ ಸಿಗದು. ಗಿಡ್ಡ ಬಾಲದ ಲಂಡನ್ ಬಲ ಅದನ್ನು ತಡೆದು ನಿಲ್ಲಿಸಲಾರದು. ಎಥನಾಲ್ ನೀರಿನ ಜೊತೆ ಹೊರಟುಬಿಡುತ್ತದೆ. ಆ ಮಿಶ್ರಣ ಪೆಟ್ರೋಲಿಗಿಂತ ಭಾರ, ಆದ್ದರಿಂದ ತಳಕ್ಕೆ. ಚಳಿ ಹೆಚ್ಚಿದಷ್ಟೂ ಈ ಮಿತಿ ಕೆಳಗಿಳಿಯುತ್ತದೆ. ಸಂಜೆ ಒಂದಾಗಿದ್ದದ್ದು ಬೆಳಗಾವಿಯ ಡಿಸೆಂಬರಿನ ಬೆಳಗ್ಗೆ ಬೇರೆಯಾಗಿರಬಹುದು.

ಪೆಟ್ರೋಲಿಗೆ ನೀರು ಹಾಕಿ ಕುಲುಕಿ, ಕೆಳಗಿನ ಪದರ ಹೆಚ್ಚಾದದ್ದನ್ನು ತೋರಿಸಿ ಕಲಬೆರಕೆ ಎನ್ನುವ ಮೊಬೈಲ್ ವಿಡಿಯೊಗಳಿಗೂ ಇದೇ ವಿವರಣೆ. ನೂರು ಮಿಲಿಲೀಟರ್ ಇ20ಗೆ ಹತ್ತು ಮಿಲಿಲೀಟರ್ ನೀರು ಹಾಕಿದರೆ ಕೆಳಪದರ ಮೂವತ್ತರ ಹತ್ತಿರಕ್ಕೆ ಬೆಳೆಯುತ್ತದೆ. ಹೆಚ್ಚಿದ ಭಾಗ ಎಥನಾಲ್. ಆ ಪರೀಕ್ಷೆಯಿಂದ ತಿಳಿಯುವುದು ಎಥನಾಲ್ ಇದೆ ಎಂದಷ್ಟೇ, ಪಂಪಿನವರು ನೀರು ಹಾಕಿದ್ದಾರೆ ಎಂದಲ್ಲ. ಮನೆಯಲ್ಲಿ ಮಾಡಿ ನೋಡುವುದು ಬೇಡ, ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು.

ಗಾಳಿಯ ತೇವದಿಂದಲೇ ಟ್ಯಾಂಕಿನಲ್ಲಿ ಇಷ್ಟು ನೀರು ಸೇರಬೇಕಾದರೆ ಗಾಡಿ ಬಹಳ ಕಾಲ ನಿಂತಿರಬೇಕು. ಸಾಮಾನ್ಯವಾಗಿ ನೀರು ಬರುವುದು ಸವೆದ ಮುಚ್ಚಳದಿಂದ, ಇಲ್ಲವೇ ಗಾಡಿ ತೊಳೆಯುವಾಗ.

ಜಮಖಂಡಿಯ ಆ ಬೆಳಗ್ಗೆ ಯಜಮಾನರು ಬಾಟಲಿಯನ್ನು ತೆಗೆದುಕೊಂಡು ಜೋರಾಗಿ ಅಲ್ಲಾಡಿಸಿದರು. ಒಂದು ಕ್ಷಣ ಎಲ್ಲ ಮಸುಕಾಯಿತು, ಮತ್ತೆ ಅದೇ ಗೆರೆ ಮೂಡಿತು. "ಮೇಲಿನದನ್ನಾದರೂ ವಾಪಸ್ ಹಾಕು" ಎಂದರು. ಮೆಕ್ಯಾನಿಕ್ ಒಪ್ಪಲಿಲ್ಲ. ಎಥನಾಲ್ ಕಳೆದುಕೊಂಡ ಆ ಪೆಟ್ರೋಲಿನ ಆಕ್ಟೇನ್ ಅಂಕ, ಅಂದರೆ ಎಂಜಿನ್ ಬಡಿತ ತಡೆಯುವ ಗುಣದ ಅಳತೆ, ಇಳಿದಿರುತ್ತದೆ, ಎಂಜಿನ್ ಬಡಿದುಕೊಳ್ಳುತ್ತದೆ. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ ಒರೆಸಿ, ಮುಚ್ಚಳದ ಒಳಗಿನ ಸೀಳಿದ ರಬ್ಬರ್ ವಾಷರ್ ಬದಲಿಸಿ, ಹೊಸದಾಗಿ ಒಂದು ಲೀಟರ್ ತರಿಸಿದ. ಬೈಕು ನಾಲ್ಕನೇ ಕಿಕ್ಕಿಗೆ ಚಾಲೂ ಆಯಿತು.